ಗೋಕರ್ಣದ ಮಾಣಿಯೂ ಇಡಗುಂಜಿಯ ಬಾಲನೂ

ಗೇರುಸೊಪ್ಪದ ಹೊಳೆದಂಡೆಯಲ್ಲಿ ಪಡುವಣಕ್ಕೆ ಮುಖಮಾಡಿ ನಿಂತವನಿಗೆ ಬಲಗಡೆಯಲ್ಲಿ, ಕುಮಟೆಯನ್ನೂ ಅಘನಾಶಿನಿಯನ್ನೂ ದಾಟಿದ ಮೇಲೆ, ಗೋಕರ್ಣವು ಸಿಗುವದು. ಎಡಗಡೆಯಲ್ಲಿ, ಶರಾವತಿಯ ತೆಂಕಣ ದಂಡೆಯನ್ನು ಹಿಡಿದು ಕಡಲಿನತ್ತ ಇಳಿದರೆ, ಇಡಗುಂಜಿಯು ಸಿಗುವದು. ಎರಡು ಊರುಗಳೂ ದೊಡ್ಡವಲ್ಲ. ಎರಡರಲ್ಲಿಯೂ ಗಣಪತಿಯು ನಿಂತಿದ್ದಾನೆ. ಎರಡರಲ್ಲಿಯೂ ಚಿಕ್ಕ ಹುಡುಗನಾಗಿಯೇ ನಿಂತಿದ್ದಾನೆ. ಬೇರೆ ಸೀಮೆಗಳಲ್ಲಿ ನಾವು ಕಾಣುವ ಗಣಪತಿಯು ಬಹುಮಟ್ಟಿಗೆ ಪೀಠದ ಮೇಲೆ ಕುಳಿತವನು, ನಾಲ್ಕು ಕೈಗಳವನು, ಪಾಶಾಂಕುಶಗಳನ್ನು ಹಿಡಿದವನು, ಇಲಿಯನ್ನು ಕಾಲ ಬಳಿ ಇರಿಸಿಕೊಂಡವನು. ನಮ್ಮ ಕರಾವಳಿಯವನಿಗಾದರೋ ಎರಡೇ ಕೈ. ಇಡಗುಂಜಿಯಲ್ಲಿ ಒಂದು ಕೈಯಲ್ಲಿ ತಾವರೆಯ ಮೊಗ್ಗು, ಇನ್ನೊಂದರಲ್ಲಿ ಮೋದಕ, ಇಲಿಯಿಲ್ಲ. ಆಟಕ್ಕೆ ಹೊರಟವನನ್ನು ಯಾರೋ ಕರೆದು ನಿಲ್ಲಿಸಿದಂತೆ ತೋರುವ ಗಿಡ್ಡ ಮೂರ್ತಿ ಅದು.

ಈ ಹುಡುಗನು ನಮ್ಮ ಸೀಮೆಗೆ ಹೇಗೆ ಬಂದನು, ಪರರಿಗೆ ನೆರವಾಗುವ ಶಕ್ತಿಯನ್ನು ಜನರು ದೊಡ್ಡವರನ್ನು ಬಿಟ್ಟು ಇವನಲ್ಲಿಯೇ ಏಕೆ ಕಂಡರು ಎಂಬುದನ್ನು ವಿಚಾರಿಸುವದು ಈ ಲೇಖನದ ಉದ್ದೇಶವು. ಭಕ್ತರಾದ ವಾಚಕರು ಇದರಲ್ಲಿ ಅಪಚಾರವನ್ನು ಎಣಿಸದಿರಲಿ. ಕಥೆಯ ಹುಟ್ಟನ್ನು ಹುಡುಕುವದರಿಂದ ದೇವರಿಗೇನೂ ಕುಂದಾಗದು.

ಮೊದಲು ಒಂದು ಶಬ್ದದ ಮಾತು. ನಮ್ಮ ಜಿಲ್ಲೆಯ ಹವ್ಯಕರ ಮನೆಗಳಲ್ಲಿ ಗಂಡುಹುಡುಗನನ್ನು 'ಮಾಣಿ' ಎಂದು ಕರೆಯುವರು. ಇದು ಸಂಸ್ಕೃತದ 'ಮಾಣವ', 'ಮಾಣವಕ' ಎಂಬುದರ ತದ್ಭವವು. ಮುಂಜಿಯಾದ ಚಿಕ್ಕ ಹುಡುಗನೆಂದು ಅದರ ಅರ್ಥ. ಇಡಗುಂಜಿಯ ಮೂರ್ತಿಗೆ ಯಜ್ಞೋಪವೀತವಿದೆ, ಕೊರಳಲ್ಲಿ ಕಿರುಗಂಟೆಯ ಸರವಿದೆ. ಆದುದರಿಂದ ನಮ್ಮ ಗಣಪತಿಯನ್ನು ಮಾಣಿಯೆಂದರೆ ಸಲಿಗೆಯ ಮಾತಾಗಲಿಲ್ಲ, ಲಕ್ಷಣದ ಮಾತೇ ಆಯಿತು.

ಗೋಕರ್ಣದ ಕಥೆಯನ್ನು ಈ ಮೂರು ತಾಲೂಕುಗಳಲ್ಲಿ ಅರಿಯದವರಿಲ್ಲ. ಆದರೂ ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ, ಏಕೆಂದರೆ ವಿಚಾರವೆಲ್ಲವೂ ಕಥೆಯ ಸಣ್ಣಪುಟ್ಟ ಸಂಗತಿಗಳಲ್ಲಿಯೇ ಅಡಗಿದೆ. ರಾವಣನ ತಾಯಿಯು ಲಿಂಗವನ್ನು ಪೂಜಿಸುತ್ತಿದ್ದಳು. ತಾಯಿಗೆ ಸಾಕ್ಷಾತ್ ಶಿವನ ಆತ್ಮಲಿಂಗವನ್ನೇ ತಂದುಕೊಡುವೆನೆಂದು ಮಗನು ಕೈಲಾಸಕ್ಕೆ ಹೋದನು. ತನ್ನ ತಲೆಯನ್ನೇ ಅರಿದು, ನರಗಳನ್ನು ತಂತಿಯಾಗಿ ಬಿಗಿದು, ಗಾನದಿಂದ ಶಿವನನ್ನು ಮೆಚ್ಚಿಸಿದನು. ಶಿವನು ಲಿಂಗವನ್ನು ಕೊಟ್ಟನು. ಆದರೆ ಲಂಕೆಯನ್ನು ಸೇರುವ ವರೆಗೆ ಅದನ್ನು ನೆಲದ ಮೇಲೆ ಇಡಕೂಡದೆಂದು ಕಟ್ಟುಮಾಡಿದನು. ಅದನ್ನು ಲಂಕೆಯಲ್ಲಿಟ್ಟು ಪೂಜಿಸಿದರೆ ರಾವಣನೇ ಈಶ್ವರನಾಗುವನೆಂದು ದೇವತೆಗಳಿಗೆ ದಿಗಿಲಾಯಿತು. ನಾರದನು ದಾರಿಯಲ್ಲಿ ಮಾತಿಗೆ ತೊಡಗಿ ಹೊತ್ತು ಕಳೆದನು. ವಿಷ್ಣುವು ಚಕ್ರವನ್ನು ಅಡ್ಡಹಿಡಿದು ಸೂರ್ಯನನ್ನು ಮರೆಮಾಡಿದನು. ಸಂಜೆಯಾಯಿತೆಂದು ರಾವಣನು ತಿಳಿದನು. ಸಂಧ್ಯಾವಂದನೆಯನ್ನು ಬಿಡುವ ಹಾಗಿಲ್ಲ, ಲಿಂಗವನ್ನು ಇಡುವ ಹಾಗಿಲ್ಲ. ಆಗ ಕಡಲ ಕರೆಯಲ್ಲಿ ದನ ಮೇಯಿಸುತ್ತಿದ್ದ ಒಬ್ಬ ವಟುವು ಕಣ್ಣಿಗೆ ಬಿದ್ದನು.

ಸರಸ್ವತೀ ಗಂಗಾಧರನ ಮರಾಠಿ ಗುರುಚರಿತ್ರೆಯಲ್ಲಿ ಈ ಕಥೆಯು ಆರನೆಯ ಅಧ್ಯಾಯದಲ್ಲಿ ಬರುವದು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಆ ಗ್ರಂಥದ ಸಪ್ತಾಹ ಪಾರಾಯಣವು ನಡೆಯುವ ಕಾರಣ ಅಲ್ಲಿಯ ವಿವರಗಳು ನಮ್ಮ ಹೆಂಗಸರ ಬಾಯಲ್ಲಿಯೂ ಸೇರಿಹೋಗಿವೆ. ಅದರಂತೆ ಗಣಪತಿಯು ಈ ಕೆಲಸಕ್ಕೆ ಬರಿಗೈಯಲ್ಲಿ ಹೊರಡಲಿಲ್ಲ; ದಾರಿಗೆಂದು ಪಂಚಖಾದ್ಯದ ಬುತ್ತಿಯನ್ನು ಪಡೆದುಕೊಂಡು, ತಿನ್ನುತ್ತ ಬಂದನು. ನಮ್ಮ 'ಪಂಚಕಜ್ಜಾಯ'ವು ಈ ಪಂಚಖಾದ್ಯವೇ. ಇಡಗುಂಜಿಗೆ ಹೋಗಿಬಂದವರ ಮನೆಯಲ್ಲಿ ಅದರ ಪೊಟ್ಟಣವು ಇದ್ದೇ ಇರುವದು. ಮುಂದೆ ರಾವಣನು ಹುಡುಗನ ಕುಲಗೋತ್ರಗಳನ್ನು ಕೇಳುವ ಭಾಗವಿದೆ. ಅದು ಇಡೀ ಕಥೆಯಲ್ಲಿ ಅತ್ಯಂತ ಸೊಗಸಾದುದೆಂದು ನನ್ನ ಮತ. ನೀನಾರ ಮಗನೆಂದರೆ, ನನ್ನ ತಂದೆಯು ಜಟಾಧಾರಿ, ಮೈಗೆ ಬೂದಿ ಬಳಿದವನು, ಎತ್ತಿನ ಮೇಲೆ ಕುಳಿತು ಭಿಕ್ಷೆ ಬೇಡುವವನು, ಶಂಕರನೆಂದು ಅವನ ಹೆಸರು, ತಾಯಿಯು ಜಗನ್ಮಾತೆಯು ಎಂದು ಹುಡುಗನು ಹೇಳುವನು. ಕೈಯಲ್ಲಿ ಅದೇ ಶಂಕರನ ಆತ್ಮಲಿಂಗವನ್ನು ಹಿಡಿದುಕೊಂಡ ರಾವಣನಿಗೆ ಇದು ತಿಳಿಯಲಿಲ್ಲ! ಪಾಪ, ತಿರುಕನ ಮಗನು ಎಂದು ಮರುಗಿ, ನನ್ನೊಡನೆ ಲಂಕೆಗೆ ಬಾ, ಸುಖವಾಗಿರುವೆ ಎಂದನು. ಲಂಕೆಯಲ್ಲಿ ರಾಕ್ಷಸರಿದ್ದಾರೆ, ನನ್ನನ್ನು ತಿಂದುಬಿಡುವರು ಎಂದು ಹುಡುಗನು ಹೆದರಿದನು. ಕಡೆಗೆ ಲಿಂಗವನ್ನು ಹಿಡಿದುಕೊಳ್ಳಲು ಒಪ್ಪಿದನು. ಆದರೆ, ಭಾರವಾದರೆ ಮೂರು ಸಲ ಕೂಗುವೆನು, ಬಾರದಿದ್ದರೆ ಇಟ್ಟುಬಿಡುವೆನು ಎಂದು ಮೊದಲೇ ಹೇಳಿದನು. ರಾವಣನು ಅರ್ಘ್ಯದಲ್ಲಿ ತೊಡಗಿದ್ದಾಗ ಮೂರು ಕೂಗುಗಳೂ ಆಗಿಹೋದವು. ಲಿಂಗವು ನೆಲವನ್ನು ಹಿಡಿಯಿತು. ಮರೆಯಾಗಿದ್ದ ಸೂರ್ಯನು ಮತ್ತೆ ಕಾಣಿಸಿಕೊಂಡನು.

ಆಮೇಲಿನದು ಎಲ್ಲರಿಗೂ ಗೊತ್ತು. ರಾವಣನು ಸಿಟ್ಟಿನಿಂದ ಹುಡುಗನ ತಲೆಯ ಮೇಲೆ ಗುದ್ದಿದನು. ಇಪ್ಪತ್ತು ತೋಳುಗಳಿಂದ ಕಿತ್ತರೂ ಲಿಂಗವು ಕದಲಲಿಲ್ಲ. ಆದುದರಿಂದ ಅದು ಮಹಾಬಲೇಶ್ವರವಾಯಿತು. ತಿರುಚಿದ್ದರಿಂದ ಹಸುವಿನ ಕಿವಿಯಂತಾಯಿತೆಂದು ಕೆಲವರು, ನೆಲದೊಳಗೆ ಇಳಿಯುತ್ತಿದ್ದ ಹಸುವೊಂದರ ಕಿವಿಯು ಮಾತ್ರ ಅವನ ಕೈಗೆ ಸಿಕ್ಕಿತೆಂದು ಕೆಲವರು, ಊರಿನ ಹೆಸರಿಗೆ ಎರಡು ಬಗೆಯ ನಿರುಕ್ತಿಗಳನ್ನು ಹೇಳುವರು.

ಇಲ್ಲಿ ಕಾಲದ ಬಗೆಗೆ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಸುದರ್ಶನದಿಂದ ಸೂರ್ಯನನ್ನು ಮುಚ್ಚಿದ್ದು ಬಯಲುಸೀಮೆಯವರಿಗೆ ಬರಿಯ ಪವಾಡವಾಗಿ ಕಾಣಬಹುದು. ಆಷಾಢದಲ್ಲಿ ಹೊನ್ನಾವರದಿಂದ ಗೇರುಸೊಪ್ಪದ ವರೆಗಿನ ಯಾವ ಊರಲ್ಲಿಯಾದರೂ ಒಂದು ದಿನ ಇದ್ದು ನೋಡಿದವರಿಗೆ ಹಾಗೆ ತೋರದು. ಮೂರು ಗಂಟೆಗೇ ಕಡಲಿನ ಕಡೆಯಿಂದ ಮೋಡವು ಕವಿದು ಸಂಜೆಯಾಗುವದು. ದನಗಳು ಮನೆಯ ಕಡೆಗೆ ತಿರುಗುವವು. ಮುದುಕರು ಪಂಚಪಾತ್ರೆಯನ್ನು ಹುಡುಕುವರು. ಅಷ್ಟರಲ್ಲಿ ಮೋಡವು ಹರಿದು ಬಿಸಿಲು ಬೀಳುವದು. ಈ ಸುಳ್ಳುಸಂಜೆಯನ್ನು ಕಂಡವರೇ ಆ ಕಥೆಯನ್ನು ಕಟ್ಟಿದರೆಂದು ನನಗೆ ಬಲವಾಗಿ ತೋರುತ್ತದೆ.

ಇನ್ನು ಪ್ರಮಾಣಗಳ ವಿಚಾರ. ಗೋಕರ್ಣದ ಹೆಸರು ಪುರಾತನವಾದುದು. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಭಗೀರಥನು ಗೋಕರ್ಣದಲ್ಲಿ ತಪಸ್ಸು ಮಾಡಿದನೆಂದಿದೆ. ಅದು ಇದೇ ಗೋಕರ್ಣವೋ ಅಲ್ಲವೋ ಎಂಬ ವಾದವನ್ನು ಇಲ್ಲಿ ತೆಗೆಯುವದಿಲ್ಲ. ಉತ್ತರಕಾಂಡದಲ್ಲಿ ರಾವಣ, ಕುಂಭಕರ್ಣ, ವಿಭೀಷಣರು ಮೂವರೂ ತಪಸ್ಸಿಗೆ ಗೋಕರ್ಣಾಶ್ರಮಕ್ಕೆ ಬಂದರೆಂದಿದೆ. ಮಹಾಭಾರತದ ವನಪರ್ವದ ತೀರ್ಥಯಾತ್ರೆಯಲ್ಲಿ ಸಮುದ್ರದ ನಡುವಣ ಗೋಕರ್ಣವನ್ನೂ ಅಲ್ಲಿ ಮೂರು ರಾತ್ರಿಗಳ ಉಪವಾಸದ ಫಲವನ್ನೂ ಹೇಳಿದೆ. ಕಾಳಿದಾಸನು ರಘುವಂಶದ ಎಂಟನೆಯ ಸರ್ಗದಲ್ಲಿ ನಾರದನನ್ನು ತೆಂಕಣ ಕಡಲ ತಡಿಯ ಗೋಕರ್ಣೇಶ್ವರನ ಸೇವೆಗೆ ಕಳಿಸಿದ್ದಾನೆ. ಆ ನಾರದನ ವೀಣೆಯಿಂದ ಜಾರಿದ ಮಾಲೆಯೇ ಇಂದುಮತಿಯ ಪ್ರಾಣವನ್ನು ತೆಗೆದದ್ದು. ಭಾಗವತದಲ್ಲಿ ಬಲರಾಮನ ಯಾತ್ರೆಯು ಗೋಕರ್ಣವನ್ನು ಮುಟ್ಟುತ್ತದೆ. ಏಳನೆಯ ಶತಮಾನದ ತಮಿಳು ಶಿವಭಕ್ತರಾದ ಅಪ್ಪರ್, ಸಂಬಂಧರ್ ಇಬ್ಬರೂ ಈ ಕ್ಷೇತ್ರವನ್ನು ಹಾಡಿದ್ದಾರೆ.

ರಾಮಾಯಣ, ಭಾರತ, ರಘುವಂಶ, ಭಾಗವತಗಳ ಈ ಸ್ಥಳಗಳಲ್ಲಿ ಎಲ್ಲಿಯೂ ಆ ಹುಡುಗನಿಲ್ಲ. ಉತ್ತರಕಾಂಡದಲ್ಲಿ ರಾವಣನೂ ಇದ್ದಾನೆ, ಗೋಕರ್ಣವೂ ಇದೆ. ಲಿಂಗವನ್ನು ನೆಲಕ್ಕಿಟ್ಟ ವಟುವು ಮಾತ್ರ ಬಂದಿಲ್ಲ. ಅವನು ನಮಗೆ ದೊರೆಯುವದು ಸ್ಥಳಪುರಾಣಗಳಲ್ಲಿ, ಗುರುಚರಿತ್ರೆಯಲ್ಲಿ, ಎಲ್ಲಕ್ಕೂ ಹೆಚ್ಚಾಗಿ ಜನರ ಬಾಯಲ್ಲಿ. ಎಂದರೆ ಕ್ಷೇತ್ರವೂ ರಾವಣನೂ ಮೊದಲಿನಿಂದ ಇದ್ದರು, ಹುಡುಗನು ಆಮೇಲೆ ಬಂದನು.

ಇಂಥ ಹುಡುಗನು ಇಲ್ಲಿ ಮಾತ್ರ ಇರುವನೇ ಎಂದರೆ, ಇಲ್ಲ. ತಿರುಚಿರಾಪಳ್ಳಿಯ ಬೆಟ್ಟದ ತುದಿಯಲ್ಲಿ ಉಚ್ಚಿಪಿಳ್ಳೆಯಾರ್ ಎಂಬ ಗಣಪತಿಯಿದ್ದಾನೆ. ವಿಭೀಷಣನು ರಂಗನಾಥನ ಮೂರ್ತಿಯನ್ನು ಲಂಕೆಗೆ ಒಯ್ಯುವಾಗ ಕಾವೇರಿಯ ದಡದಲ್ಲಿ ಅನುಷ್ಠಾನಕ್ಕೆಂದು ನಿಂತು, ದನ ಕಾಯುವ ಹುಡುಗನ ಕೈಯಲ್ಲಿ ಅದನ್ನು ಕೊಟ್ಟನಂತೆ, ಹುಡುಗನು ಇಟ್ಟುಬಿಟ್ಟನಂತೆ, ವಿಭೀಷಣನು ಬೆಟ್ಟದ ವರೆಗೆ ಅಟ್ಟಿಸಿಕೊಂಡು ಹೋಗಿ ಅವನ ಹಣೆಗೆ ಹೊಡೆದನಂತೆ. ಅಲ್ಲಿಯ ಮೂರ್ತಿಗೂ ಪೆಟ್ಟಿನ ಗುರುತನ್ನು ಹೇಳುವರು. ಅಣ್ಣನ ಕಥೆಯು ತಮ್ಮನಿಗೂ ಅಂಟಿಕೊಂಡಿದೆ! ಇತ್ತ ಜಾರ್ಖಂಡದ ದೇವಘರದ ವೈದ್ಯನಾಥ ಕ್ಷೇತ್ರದಲ್ಲಿ ರಾವಣನೇ ಬರುವನು, ಲಿಂಗವೂ ಅದೇ; ಆದರೆ ಅಲ್ಲಿ ವರುಣನು ಅವನ ಹೊಟ್ಟೆಯನ್ನು ಹೊಗಲಾಗಿ ಮೂತ್ರಬಾಧೆಯಿಂದ ಅವನು ಲಿಂಗವನ್ನು ಗೋವಳನೊಬ್ಬನ ಕೈಗೆ ಕೊಡುವನು. ಯಾವ ಕಥೆಯು ಮೊದಲಿನದು, ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹಟ ಹಿಡಿದು ಹೇಳುವದು ವ್ಯರ್ಥವು. ಆದರೆ ನಮ್ಮ ಕಡೆಯ ಕಥೆಯು ರಾವಣನಿಗೆ ಹೆಚ್ಚಿನ ಗೌರವವನ್ನು ಕೊಟ್ಟಿದೆಯೆಂಬುದನ್ನು ಯಾರಾದರೂ ಒಪ್ಪಬೇಕು. ದೇವಘರದಲ್ಲಿ ಅವನು ದೇಹಧರ್ಮಕ್ಕೆ ಸೋತನು. ಗೋಕರ್ಣದಲ್ಲಿ ನಿತ್ಯಕರ್ಮವನ್ನು ಬಿಡದ ನಿಷ್ಠೆಯಿಂದಲೇ ಸೋತನು. ಸಂಧ್ಯೆಯನ್ನು ಒಂದು ದಿನ ತಪ್ಪಿಸುವಂಥವನಾಗಿದ್ದರೆ ಆತ್ಮಲಿಂಗವು ಲಂಕೆಯಲ್ಲಿರುತ್ತಿತ್ತು.

ಕಥೆಯ ಬಾಲವೊಂದುಂಟು; ಅದರಿಂದ ಅದರ ಹುಟ್ಟೂರಿನ ಸುಳಿವು ಸಿಗುವದು. ರಾವಣನು ಲಿಂಗವನ್ನು ಕೀಳಲಾರದೆ ಅದರ ಪೆಟ್ಟಿಗೆ, ಮುಚ್ಚಳ, ದಾರ, ವಸ್ತ್ರಗಳನ್ನು ಎಸೆದನೆಂದೂ, ಪೆಟ್ಟಿಗೆಯು ಬಿದ್ದಲ್ಲಿ ಸಜ್ಜೇಶ್ವರ, ಮುಚ್ಚಳವು ಬಿದ್ದಲ್ಲಿ ಗುಣವಂತೇಶ್ವರ, ದಾರವು ಬಿದ್ದಲ್ಲಿ ಧಾರೇಶ್ವರ, ವಸ್ತ್ರವು ಬಿದ್ದ ಕಂದುಕಗಿರಿಯಲ್ಲಿ ಮುರುಡೇಶ್ವರವಾಯಿತೆಂದೂ ಹೇಳುವರು. ಹೀಗೆ ಕಾರವಾರದಿಂದ ಭಟಕಳದ ವರೆಗಿನ ಕರೆಯೆಲ್ಲವೂ ಒಂದೇ ಕಥೆಯಲ್ಲಿ ಕೋದುಹೋಗಿದೆ. ಇವುಗಳಲ್ಲಿ ಧಾರೇಶ್ವರವನ್ನು ನೋಡಿರಿ. 'ಧಾರಾ' ಎಂದರೆ ಸಂಸ್ಕೃತದಲ್ಲಿ ನೀರಿನ ಧಾರೆ, ಕತ್ತಿಯ ಅಲಗು. ನೂಲು ಎಂಬ ಅರ್ಥವು ಅದಕ್ಕಿಲ್ಲ. ನೂಲೆಂಬ ಅರ್ಥವಿರುವದು ನಮ್ಮ 'ದಾರ'ಕ್ಕೆ. ಸಂಸ್ಕೃತವನ್ನೇ ಹಿಡಿದು ಕಥೆಯನ್ನು ಹೆಣೆದವರಾಗಿದ್ದರೆ ದಾರವನ್ನು ಗುಣವಂತೆಯಲ್ಲಿ ಬೀಳಿಸುತ್ತಿದ್ದರು, 'ಗುಣ'ವೆಂದರೆ ಹಗ್ಗವೆಂದು ಅಮರಕೋಶವನ್ನು ಓದಿದ ಹುಡುಗನೂ ಬಲ್ಲನು. ಹಾಗೆ ಮಾಡದೆ ಅದನ್ನು ಧಾರೇಶ್ವರದಲ್ಲಿ ಬೀಳಿಸಿದ್ದರಿಂದ, ಕಥೆಯ ಈ ಭಾಗವು ಕನ್ನಡದ ಕಿವಿಗೆ ಹುಟ್ಟಿದ್ದು, ಆಮೇಲೆ ಸಂಸ್ಕೃತದ ಶ್ಲೋಕಗಳನ್ನು ಸೇರಿದ್ದು ಎಂದು ನಾನು ಊಹಿಸುತ್ತೇನೆ. ಮುರುಡೇಶ್ವರದಲ್ಲಿ ಈಗ 123 ಅಡಿಯ ಶಿವಮೂರ್ತಿಯ ಕೆಳಗಣ ಗುಹೆಯಲ್ಲಿ ಈ ಕಥೆಯನ್ನೆಲ್ಲ ಬೊಂಬೆಗಳಲ್ಲಿ ತೋರಿಸಿದ್ದಾರೆ. ಮಕ್ಕಳು ಅಲ್ಲಿಯೇ ಅದನ್ನು ಮೊದಲು ಕಲಿಯುತ್ತಿದ್ದಾರೆ. ಅಜ್ಜಿಯರ ಕೆಲಸವು ಅಷ್ಟರಮಟ್ಟಿಗೆ ಹಗುರವಾಗಿದೆ.

ಈಗ ಮೂರ್ತಿಯ ಕಡೆಗೆ ತಿರುಗೋಣ. ಎರಡು ಕೈಗಳ ಗಣಪತಿಯು ಹುಡುಗನಾದ್ದರಿಂದ ದ್ವಿಭುಜನೇ, ದ್ವಿಭುಜನಾದ್ದರಿಂದ ಹುಡುಗನೇ? ಇದು ಹಾಸ್ಯದ ಪ್ರಶ್ನೆಯಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪ್ರತಿಮಾಲಕ್ಷಣವನ್ನು ಹೇಳುವಲ್ಲಿ ಗಣಾಧಿಪನಿಗೆ ಕೊಡಲಿಯನ್ನೂ ಮೂಲಂಗಿಯನ್ನೂ ಕೊಟ್ಟಿದೆ. ಆ ಶ್ಲೋಕವು ಪ್ರಕ್ಷಿಪ್ತವೆಂದು ಕೆಲವು ಪಂಡಿತರು ಹೇಳುವರಾದರೂ ಎರಡು ಕೈಗಳಿಗೆ ಸಾಲುವಷ್ಟೇ ಸಾಮಗ್ರಿಯು ಅಲ್ಲಿರುವದು. ಮಧ್ಯಪ್ರದೇಶದ ಉದಯಗಿರಿಯಲ್ಲಿ, ಕ್ರಿ.ಶ. 401ರ ಸುಮಾರಿನ ಗುಪ್ತರ ಶಾಸನವಿರುವ ಗುಹೆಯ ಬಳಿಯಲ್ಲಿ, ಕಾಣುವ ಗಣಪತಿಯೂ ದ್ವಿಭುಜನು. ನಾಲ್ಕು ಕೈಗಳೂ ಆಯುಧಗಳೂ ಇಲಿಯೂ ಬರಬರುತ್ತ ರೂಢವಾದವು. ಹೀಗಿರಲು, ನಮ್ಮ ಕರಾವಳಿಯಲ್ಲಿ ಹಳೆಯ ಮಾದರಿಯೇ ಬಹುಕಾಲ ಉಳಿದುಬಂದಿತೆಂದು ಎಣಿಸಬೇಕು. ಕುಂದಾಪುರದ ಹತ್ತಿರದ ಹಟ್ಟಿಯಂಗಡಿಯ ಸಿದ್ಧಿವಿನಾಯಕನೂ ಎರಡು ಕೈಗಳವನೇ, ಬಾಲಕನೇ. ಕಾಲವು ಕಳೆದಂತೆ ಜನರು ಈ ಮೂರ್ತಿಗಳನ್ನು ನೋಡಿ, ಬೇರೆ ಕಡೆಯ ಗಣಪತಿಗೆ ನಾಲ್ಕು ಕೈಗಳಿರುವಾಗ ನಮ್ಮವನಿಗೆ ಎರಡೇ ಏಕೆ ಎಂದು ಕೇಳಿಕೊಂಡಿರಬೇಕು. ಇವನು ಇನ್ನೂ ಚಿಕ್ಕವನು ಎಂಬ ಉತ್ತರವು ತಾನಾಗಿ ಹುಟ್ಟಿತು. ಮೂರ್ತಿಯು ಮೊದಲು, ಕಥೆಯು ಅನಂತರ ಎಂದು ನನ್ನ ಅಭಿಪ್ರಾಯವು.

ಆದರೆ ಇಷ್ಟಕ್ಕೇ ವಿಚಾರವು ಮುಗಿಯದು. ಈ ಚಿಕ್ಕವನು ನೆರವಾಗುವವನು ಹೇಗಾದನು? ಧರ್ಮಶಾಸ್ತ್ರಗಳಲ್ಲಿ ಇವನ ಪೂರ್ವಚರಿತ್ರೆಯು ಅಷ್ಟು ಹಿತವಾಗಿಲ್ಲ. ಮಾನವಗೃಹ್ಯಸೂತ್ರದಲ್ಲಿ ಶಾಲಕಟಂಕಟ, ಕೂಷ್ಮಾಂಡರಾಜಪುತ್ರ ಮುಂತಾದ ನಾಲ್ವರು ವಿನಾಯಕರಿದ್ದಾರೆ. ಇವರು ಮನುಷ್ಯರನ್ನು ಹಿಡಿಯುವರು. ಹಿಡಿದರೆ ಶಾಂತಿಯನ್ನು ಮಾಡಿಸಬೇಕು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ನಾಲ್ವರು ಹೋಗಿ ಒಬ್ಬನೇ ವಿನಾಯಕನಾಗಿದ್ದಾನೆ, ಅಂಬಿಕೆಯು ಅವನ ತಾಯಿಯಾಗಿದ್ದಾಳೆ. ಕರ್ಮಗಳಿಗೆ ವಿಘ್ನವನ್ನು ಒಡ್ಡುವದಕ್ಕಾಗಿಯೇ ರುದ್ರಬ್ರಹ್ಮರು ಅವನನ್ನು ನೇಮಿಸಿದರೆಂದು ಅಲ್ಲಿ ಹೇಳಿದೆ. ಅವನು ಹಿಡಿದರೆ ರಾಜಪುತ್ರನಿಗೆ ರಾಜ್ಯವು ಸಿಗದು, ಕನ್ಯೆಗೆ ವರನು ದೊರೆಯನು, ಹೆಂಗಸಿಗೆ ಮಕ್ಕಳಾಗವು, ಶಿಷ್ಯನಿಗೆ ವಿದ್ಯೆಯು ಹತ್ತದು, ವ್ಯಾಪಾರಿಗೆ ಲಾಭವಿಲ್ಲ, ಒಕ್ಕಲಿಗನಿಗೆ ಬೆಳೆಯಿಲ್ಲ. ಎಂದರೆ ಮೊದಲು ಇವನು ಅಂಜಿಸುವವನು. ಅಂಜಿಕೆಯಿಂದ ಪೂಜೆ, ಪೂಜೆಯಿಂದ ಸಲಿಗೆ, ಸಲಿಗೆಯಿಂದ ನೆರವು ಎಂಬ ಕ್ರಮದಲ್ಲಿ ವಿಘ್ನಕರ್ತನು ವಿಘ್ನಹರ್ತನಾದನು. ಇದು ದೇಶದಲ್ಲೆಲ್ಲ ನಡೆದ ಸಂಗತಿಯು. ಗೋಕರ್ಣದ ಕಥೆಯ ವಿಶೇಷವೇನೆಂದರೆ, ಅದು ಹಳೆಯವನನ್ನು ಮರೆಯಿಸಲಿಲ್ಲ. ಹುಡುಗನು ಮಾಡಿದ ಕೆಲಸವು ಒಂದೇ: ಕೈಯಲ್ಲಿದ್ದುದನ್ನು ನೆಲಕ್ಕಿಟ್ಟನು. ಅದೇ ರಾವಣನಿಗೆ ವಿಘ್ನವಾಯಿತು, ಅದೇ ದೇವತೆಗಳಿಗೆ ನೆರವಾಯಿತು. ಒಬ್ಬನ ತೊಡಕನ್ನು ಬಿಡಿಸುವಾಗ ಇನ್ನೊಬ್ಬನ ದಾರಿಯು ಕಟ್ಟಿತೆಂಬುದನ್ನು ಕಥೆಯು ಮುಚ್ಚಿಡುವದಿಲ್ಲ. ತಾಯಿಗೆಂದು ತಂದುದನ್ನು ಕಳೆದುಕೊಂಡ ಮಗನನ್ನು ಅದು ನಮ್ಮ ಕಣ್ಣೆದುರಿಗೇ ನಿಲ್ಲಿಸಿದೆ.

ನಾನು ಶಾಲೆಯಲ್ಲಿ ಕಲಿಸುತ್ತಿದ್ದಾಗ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು, "ಮಾಸ್ತರೇ, ಗಣಪತಿ ಮೋಸ ಮಾಡಿದ್ದಲ್ಲವೇ?" ಎಂದು ಕೇಳಿದಳು. ಪಾಠಶಾಲೆಯಲ್ಲಿ ನಮ್ಮ ಗುರುಗಳ ಮುಂದೆ ಇಂಥ ಪ್ರಶ್ನೆಯನ್ನು ಎತ್ತಿದ್ದರೆ ನಮ್ಮ ಕಿವಿಯೂ ಗೋಕರ್ಣವೇ ಆಗುತ್ತಿತ್ತು. ಆದರೆ ಪ್ರಶ್ನೆಯು ಯೋಗ್ಯವಾದುದು. ನಾನು ಅವಳಿಗೆ ಹುಡುಗನು ಆಡಿದ ಮಾತುಗಳನ್ನು ಒಂದೊಂದಾಗಿ ಎಣಿಸಲು ಹೇಳಿದೆನು. ತಂದೆಯ ಹೆಸರು ಶಂಕರ: ನಿಜ. ತಾಯಿ ಜಗನ್ಮಾತೆ: ನಿಜ. ಮೂರು ಸಲ ಕೂಗುವೆನು: ಕೂಗಿದನು. ಬಾರದಿದ್ದರೆ ಇಡುವೆನು: ಇಟ್ಟನು. ಸುಳ್ಳನ್ನು ಸೃಷ್ಟಿಸಿದವರು ಆಕಾಶದಲ್ಲಿ ಸಂಜೆಯನ್ನು ಮಾಡಿದ ದೊಡ್ಡವರು. ಅವಳು ಕೊಂಚ ಹೊತ್ತು ಸುಮ್ಮನಿದ್ದು, "ಹಾಗಾದರೆ ಪೆಟ್ಟು ತಿಂದವನು ಮಾತ್ರ ಚಿಕ್ಕವನೇ" ಎಂದಳು. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಟೀಕೆಯಲ್ಲಿಯೂ ಓದಿಲ್ಲ. ಗೋಕರ್ಣದ ಮಹಾಗಣಪತಿಯ ತಲೆಯ ಮೇಲಿನ ಕುಳಿಯನ್ನು ಅರ್ಚಕರು ಇಂದಿಗೂ ತೋರಿಸುವರು. ಆ ಪೆಟ್ಟಿಗೆ ಪ್ರತಿಯಾಗಿಯೇ ಶಿವನು ಮಗನಿಗೆ ಮೊದಲ ಪೂಜೆಯನ್ನು ಕೊಟ್ಟನೆಂದು ಹೇಳಿಕೆ. ಯಾತ್ರಿಕರು ಅವನನ್ನು ಕಂಡ ಬಳಿಕವೇ ಮಹಾಬಲೇಶ್ವರನಲ್ಲಿಗೆ ಹೋಗತಕ್ಕದ್ದು.

ಇಡಗುಂಜಿಯ ಹುಡುಗನು ಪೆಟ್ಟು ತಿಂದವನಲ್ಲ. ಅವನ ಕಥೆಯು ಬೇರೆ, ಮೃದುವಾದುದು. ಶರಾವತಿಯ ಎಡದಂಡೆಯ ಕುಂಜವನದಲ್ಲಿ ವಾಲಖಿಲ್ಯರೆಂಬ ಋಷಿಗಳು ಯಜ್ಞಕ್ಕೆ ತೊಡಗಿದರು. ಹೆಬ್ಬೆರಳಿನ ಗಾತ್ರದವರೆಂದು ಪುರಾಣಗಳಲ್ಲಿ ಪ್ರಸಿದ್ಧರಾದವರು ಇವರೇ. ಯಜ್ಞಕ್ಕೆ ಮೇಲಿಂದ ಮೇಲೆ ವಿಘ್ನವು ಒದಗಿತು. ನಾರದನು ಬಂದು, ಗಣಪತಿಯನ್ನು ಕರೆಯಿಸಿರೆಂದನು. ಪಾರ್ವತಿಯನ್ನು ಕೇಳಿಕೊಂಡಾಗ ಅವಳು ಮಗನನ್ನು ಕಳಿಸಿಕೊಟ್ಟಳು. ಅಂಗುಷ್ಠಮಾತ್ರರಾದ ಋಷಿಗಳ ನೆರವಿಗೆ ಮೂರಡಿಗೂ ಕಡಿಮೆಯ ಬಾಲಕನು ಬಂದನೆಂಬುದರಲ್ಲಿ ಕಥೆ ಕಟ್ಟಿದವರ ಅಳತೆಯ ಹದವನ್ನು ಮೆಚ್ಚಬೇಕು. ಎಡಗಡೆಯ ಕುಂಜವೇ ಎಡಗುಂಜಿ, ಇಡಗುಂಜಿ ಎನ್ನುವರು. ಗೇರುಸೊಪ್ಪದಿಂದ ಹೊಳೆಯ ಹರಿವನ್ನು ಹಿಡಿದು ಇಳಿಯುವವನಿಗೆ ಅದು ಎಡವೇ ಹೌದು. ಹೆಸರನ್ನು ಇಟ್ಟವರು ಕಡಲಿನಿಂದ ಬಂದವರಲ್ಲ, ಘಟ್ಟದ ಕಡೆಯಿಂದ ಇಳಿದವರು ಎಂದು ನನಗೆ ಅನಿಸುವದುಂಟು.

ಘಟ್ಟದ ಬುಡದ ಗೇರುಸೊಪ್ಪವಾದರೋ ಆಗ ಸಾಮಾನ್ಯವಾದ ಊರಾಗಿರಲಿಲ್ಲ. ನಗಿರೆಯ ಸಾಳುವರ ರಾಜಧಾನಿ. ಶಾಸನಗಳಲ್ಲಿ ಕ್ಷೇಮಪುರ, ಭಲ್ಲಾತಕೀಪುರ ಎಂದು ಅದರ ಹೆಸರುಗಳು. ಭಲ್ಲಾತಕಿಯೆಂದರೆ ನಮ್ಮ ಕಾಡಿನ ಗೇರು. ಪೋರ್ತುಗೀಜರು ತಂದ ಗೋಡಂಬಿಯ ಗೇರಲ್ಲ. ಅರಸರು ಜೈನರು. ಘಟ್ಟದ ಮೆಣಸು ಈ ಹೊಳೆಯಲ್ಲಿಯೇ ಹೊನ್ನಾವರಕ್ಕೆ ಇಳಿಯುತ್ತಿತ್ತು. 1552ರಿಂದ 1606ರ ವರೆಗೆ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದೇ ಕರೆದರು. ಕೆಳದಿಯ ವೆಂಕಟಪ್ಪನಾಯಕನು ಅವಳನ್ನು ಸೆರೆಹಿಡಿದ ಮೇಲೆ ಊರು ಹಾಳಾಯಿತು. 1623ರಲ್ಲಿ ಪೋರ್ತುಗೀಜ ರಾಯಭಾರಿಯೊಡನೆ ಇಕ್ಕೇರಿಗೆ ಹೋಗುತ್ತಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯು ಹೊನ್ನಾವರದಿಂದ ದೋಣಿಯಲ್ಲಿ ಬಂದು, ಹೊಳೆಯ ಚೆಲುವನ್ನು ಹೊಗಳಿ, ಹದಿನೇಳೇ ವರುಷಗಳಲ್ಲಿ ಕಾಡು ಬೆಳೆದುಹೋಗಿದ್ದ ನಗರವನ್ನು ಕಂಡನು. ನಾಲ್ಕು ದಿಕ್ಕಿಗೆ ಬಾಗಿಲುಳ್ಳ ಚತುರ್ಮುಖ ಬಸದಿಯು ಇಂದಿಗೂ ಆ ಕಾಡಿನಲ್ಲಿ ನಿಂತಿದೆ. ಕಲ್ಲಿನ ಕೆಲಸದಲ್ಲಿ ಅದಕ್ಕೆ ಸಮನಾದುದು ಈ ಮೂರು ತಾಲೂಕುಗಳಲ್ಲಿ ಕೆಲವೇ. ನಿತ್ಯ ದೀಪವನ್ನು ಹಚ್ಚುವ ಒಕ್ಕಲು ಮಾತ್ರ ಅದರ ಸುತ್ತ ಉಳಿಯಲಿಲ್ಲ.

ಇಡಗುಂಜಿಯಲ್ಲಿ ನೋಡಲು ಅಂಥ ಶಿಲ್ಪವಿಲ್ಲ. ಆದರೂ ಅರಸೊತ್ತಿಗೆಗಳು ನಗಿರೆಯಿಂದ ಕೆಳದಿಗೆ, ಕೆಳದಿಯಿಂದ ಹೈದರನಿಗೆ, ಟೀಪುವಿನ ತರುವಾಯ 1799ರಲ್ಲಿ ಕುಂಪಣಿಗೆ ಹೋದರೂ ಅಲ್ಲಿಯ ದಾರಿಯು ಹುಲ್ಲು ಹಿಡಿಯಲಿಲ್ಲ. ಅರಸನ ದಾನವನ್ನು ನಂಬಿದ ಗುಡಿಗೂ ಒಕ್ಕಲಿನ ಹರಕೆಯನ್ನು ನಂಬಿದ ಗುಡಿಗೂ ಇರುವ ಭೇದವಿದು. ಹರಕೆಗಳಾದರೂ ಎಂಥವು? ಕಳೆದುಹೋದ ಎಮ್ಮೆಯು ಸಿಗಲಿ, ಅಡಿಕೆಗೆ ಕೊಳೆರೋಗವು ಬಾರದಿರಲಿ, ಮಾಣಿಯು ಪರೀಕ್ಷೆಯಲ್ಲಿ ಪಾಸಾಗಲಿ. ಈ ಸೀಮೆಯ ಕೆಲವು ಕುಲಗಳಲ್ಲಿ ಹೆಣ್ಣು ಗಂಡಿನ ಸಂಬಂಧವನ್ನು ಗೊತ್ತುಮಾಡುವ ಮೊದಲು ಎರಡೂ ಮನೆಯವರು ಇಡಗುಂಜಿಗೆ ಬಂದು 'ಪ್ರಸಾದ' ಕೇಳುವರು: ದೇವರ ಎರಡು ಪಾದಗಳಲ್ಲಿ ಚೀಟಿಗಳನ್ನಿಟ್ಟು ಕಾಯುವರು, ಬಲಪಾದದ್ದು ಮೊದಲು ಬಿದ್ದರೆ ಮದುವೆ, ಎಡಪಾದದ್ದು ಬಿದ್ದರೆ ಬೇರೆ ಮನೆಯನ್ನು ನೋಡಬೇಕು. ಯಾಜ್ಞವಲ್ಕ್ಯನ ಮಾತನ್ನು ಇಲ್ಲಿ ನೆನೆಯಿರಿ. ಕನ್ಯೆಗೆ ವರನು ದೊರೆಯದಂತೆ ಮಾಡುತ್ತಾನೆಂದು ಸ್ಮೃತಿಯು ಯಾರನ್ನು ದೂರಿತ್ತೋ ಅವನ ಕಾಲ ಬಳಿಯಲ್ಲಿಯೇ ಕನ್ಯೆಯ ತಂದೆಯು ನಿಂತಿದ್ದಾನೆ. ಅವನ ಎಡಪಾದದಲ್ಲಿ ಹಳೆಯ ವಿಘ್ನವು ಇನ್ನೂ ಇದೆ.

ಈ ಹುಡುಗನ ಹೆಸರಿನಲ್ಲಿ ನಡೆದ ಇನ್ನೊಂದು ಕಾರ್ಯವನ್ನು ಬಿಡುವಂತಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಗುಣವಂತೆಯ ಸಮೀಪದಲ್ಲಿ ಕಟ್ಟಿದ ಯಕ್ಷಗಾನದ ಮೇಳಕ್ಕೆ ಇಡಗುಂಜಿ ಮಹಾಗಣಪತಿಯ ಹೆಸರನ್ನೇ ಇಟ್ಟರು. ಚೌಕಿಯಲ್ಲಿ ಮೊದಲ ಪೂಜೆಯು ಗಣಪತಿಗೆ. ಅನಂತರ ರಂಗಕ್ಕೆ ಮೊದಲು ಬರುವವರು ಮಕ್ಕಳು, ಕೋಡಂಗಿಗಳೂ ಬಾಲಗೋಪಾಲರೂ. ದೊಡ್ಡ ವೇಷಗಳಿಗೆ ದಾರಿ ಬಿಡಿಸುವದು ಹುಡುಗರ ಕೆಲಸವೇ. ಮುಚ್ಚಳವು ಬಿದ್ದ ಊರಿನಲ್ಲಿ ಆ ಮೇಳವು ಹುಟ್ಟಿದ್ದು ಕಾಕತಾಳೀಯವೇ ಸರಿ, ಆದರೆ ಕೇಳಲು ಚೆನ್ನಾಗಿದೆ.

ಗೋಕರ್ಣದ ಕಥೆಯ ಪಾಠಭೇದಗಳು ನಮ್ಮ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಉಳಿದಿವೆ. ಹಾಲಕ್ಕಿ ಒಕ್ಕಲಿಗರಲ್ಲಿ, ನಾಮಧಾರಿಗಳಲ್ಲಿ, ಅಂಬಿಗರಲ್ಲಿ, ಗಾಬಿತರಲ್ಲಿ ಕಥೆಯನ್ನು ಹೇಗೆ ಹೇಳುವರು? ರಾವಣನು ಕೇಳಿದಾಗ ಹುಡುಗನು ತಂದೆತಾಯಿಗಳ ಹೆಸರನ್ನು ಏನೆಂದು ಹೇಳಿದನು? ಮೂರು ಕೂಗುಗಳಲ್ಲಿ ಯಾವ ಶಬ್ದವನ್ನು ಕೂಗಿದನು? ಮೇಯುತ್ತಿದ್ದವು ಹಸುಗಳೋ ಎಮ್ಮೆಗಳೋ? ಘಟ್ಟದ ಮೇಲಿನವರು ದಾರವನ್ನು ಎಲ್ಲಿ ಬೀಳಿಸುತ್ತಾರೆ? ಬಲ್ಲ ವಾಚಕರು ತಾವು ಕೇಳಿದಂತೆ, ತಿದ್ದದೆ, ಹೇಳಿದವರ ಮಾತಿನಲ್ಲಿಯೇ ಬರೆದು ಈ ಪತ್ರಿಕೆಗೆ ಕಳಿಸಿಕೊಟ್ಟರೆ ಉಪಕಾರವಾಗುವದು.